ಮನೆ ಕೊಂಡು ನೋಡು, ಅದೂ ಕಡಲ ತಡಿಯಲ್ಲಿ!

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂದ ನಮ್ಮ ಹಿರಿಯರು ಕ್ಯಾಲಿಫೋರ್ನಿಯಾದ ಕಡಲ ತೀರಕ್ಕೆ ಬಂದಿದ್ದರೆ ಗಾದೆಯಿಂದ ಮದುವೆಯನ್ನು ಕೈಬಿಡುತ್ತಿದ್ದರೋ ಏನೋ. ಮದುವೆ ಇಲ್ಲಿ ಕೌಂಟಿ ಕಚೇರಿಯಲ್ಲಿ ಅರ್ಧ ಗಂಟೆಯ ಕೆಲಸ. ಮನೆ ಮಾತ್ರ ಮೂವತ್ತು ವರ್ಷದ್ದು!

ನಮ್ಮ ಕೂಟದ ಕಳೆದ ಪಿಕ್‌ನಿಕ್‌ನಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದಾಗ ಕಡಿಮೆಯೆಂದರೂ ನಾಲ್ಕು ಜನ ನನ್ನನ್ನು ಕೇಳಿದರು, "ಸಾಂತಾಕ್ರೂಝ್‌ನಲ್ಲಿ ಮನೆ ತಗೊಂಡ್ರಂತೆ? ಅದು ಹೇಗ್ರೀ ಸಾಧ್ಯ ಆಯ್ತು?" ಅಂತ. ಸಂಪಾದಕರು ಅಲ್ಲೇ ಪಕ್ಕದಲ್ಲಿದ್ದರು. "ಅದನ್ನೇ ಬರೆದುಕೊಡಿ" ಎಂದುಬಿಟ್ಟರು. ಹಾಗಾಗಿ ಈ ಪುರಾಣ.

ಸ್ಯಾನ್ ಹೋಸೆಯಿಂದ ಹೈವೇ 17ರ ತಿರುವುಗಳಲ್ಲಿ ಬೆಟ್ಟ ಹತ್ತಿ ಇಳಿದರೆ ಸಿಗುವ ಊರು ಸಾಂತಾಕ್ರೂಝ್. ನಿಮ್ಮಲ್ಲಿ ಬಹಳ ಜನ ಮಕ್ಕಳನ್ನು ಬೋರ್ಡ್‌ವಾಕಿನ ರೋಲರ್ ಕೋಸ್ಟರ್ ಹತ್ತಿಸಲು ಬಂದಿರುತ್ತೀರಿ. ನನಗಂತೂ ಆ ರಸ್ತೆಯಲ್ಲಿ ಪ್ರತಿ ಸಲವೂ ಆಗುಂಬೆ ಘಾಟಿ ನೆನಪಾಗುತ್ತದೆ. ಕೋತಿಗಳೊಂದು ಇಲ್ಲ, ಅಷ್ಟೆ. ನನ್ನಾಕೆಗೆ ಇಲ್ಲಿನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೆಲಸ. ನಾನು ವಾರಕ್ಕೆ ಮೂರು ದಿನ ಬೆಟ್ಟ ದಾಟಿ ಆಫೀಸಿಗೆ ಹೋಗುತ್ತೇನೆ. 2019ರಿಂದ ಇಲ್ಲೇ ಒಂದು ಪುಟ್ಟ ಬಾಡಿಗೆ ಮನೆಯಲ್ಲಿದ್ದೆವು.

ಕಡಲು ನನಗೆ ಹೊಸದಲ್ಲ. ನಮ್ಮ ಮನೆ ಇರುವುದು ಮರವಂತೆಯ ಹತ್ತಿರ. ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಸಮುದ್ರ, ನಡುವೆ ಹೆದ್ದಾರಿ. ಇಂಜಿನಿಯರಿಂಗ್ ಓದಿದ ಸುರತ್ಕಲ್ ಕಾಲೇಜಿಗೂ ಒಂದು ಬೀಚೇ ಇದೆ. ಆದರೆ ನಮ್ಮೂರಿನಲ್ಲಿ ಯಾರೂ ಕಡಲಿಗೆ ಮುಖ ಮಾಡಿ ಮನೆ ಕಟ್ಟಿದ್ದನ್ನು ಚಿಕ್ಕಂದಿನಲ್ಲಿ ನಾನು ನೋಡಿಲ್ಲ. ಮಳೆಗಾಲದ ಗಾಳಿ, ಕಡಲ್ಕೊರೆತ ಎರಡಕ್ಕೂ ಹೆದರಿ ಬೆನ್ನು ಮಾಡಿಯೇ ಕಟ್ಟುತ್ತಿದ್ದರು. ಇಲ್ಲಿನ ಬೆಲೆಗಳನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ನಕ್ಕುಬಿಟ್ಟರು. "ಎಂತ ಮಾರಾಯ, ಕಡಲ ಬದಿಯ ಜಾಗಕ್ಕೆ ಅಷ್ಟು ದುಡ್ಡಾ? ಉಪ್ಪು ಗಾಳಿಗೆ ಕಿಟಕಿ ಸರಳೆಲ್ಲ ತುಕ್ಕು ಹಿಡೀತದೆ!"

2024ರ ಫೆಬ್ರವರಿಯಲ್ಲಿ ನಮ್ಮ ಮನೆಯ ಮಾಲೀಕರಿಂದ ಒಂದು ಕಾಗದ ಬಂತು. ಮನೆ ಮಾರುತ್ತಿದ್ದೇವೆ, 60 ದಿನಗಳಲ್ಲಿ ಖಾಲಿ ಮಾಡಿ. ಒಳ್ಳೆಯ ಜನವೇ, ಅವರಿಗೂ ವಯಸ್ಸಾಗಿತ್ತು. ಎಚ್‌-1ಬಿ ವೀಸಾದವರಿಗೆ 60 ದಿನದ ಲೆಕ್ಕ ಚೆನ್ನಾಗಿ ಗೊತ್ತು. ಕೆಲಸ ಹೋದರೆ ಇನ್ನೊಂದು ಹುಡುಕಲು ಸಿಗುವುದೂ ಅಷ್ಟೇ ದಿನ. ಈಗ ಸೂರಿಗೂ ಅದೇ ಗಡುವು ಬಂತಲ್ಲ ಅನ್ನಿಸಿತು. ಎರಡನೇ ಕ್ಲಾಸಿನಲ್ಲಿದ್ದ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಸ್ಕೂಲೂ ಬದಲಾಗುತ್ತಾ ಅಪ್ಪಾ?"

ಬಾಡಿಗೆಗೇ ಇನ್ನೊಂದು ಮನೆ ನೋಡೋಣ ಎಂದು ಹೊರಟರೆ, ಐದು ವರ್ಷದ ಹಿಂದಿನ ನಮ್ಮ ಬಾಡಿಗೆ ಈಗ ತಮಾಷೆಯ ಅಂಕಿಯಾಗಿತ್ತು. ನ್ಯಾಷನಲ್ ಲೋ ಇನ್‌ಕಮ್ ಹೌಸಿಂಗ್ ಕೊಯಲಿಷನ್ ಎಂಬ ಸಂಸ್ಥೆ ಪ್ರತಿ ವರ್ಷ ಒಂದು ವರದಿ ಪ್ರಕಟಿಸುತ್ತದೆ. ಅದರ 2023 ಮತ್ತು 2024ರ ವರದಿಗಳಲ್ಲಿ ಬಾಡಿಗೆದಾರರಿಗೆ ಇಡೀ ದೇಶದಲ್ಲೇ ಅತಿ ದುಬಾರಿ ಪ್ರದೇಶ ಸಾಂತಾಕ್ರೂಝ್-ವಾಟ್ಸನ್‌ವಿಲ್! ಸ್ಯಾನ್ ಫ್ರಾನ್ಸಿಸ್ಕೋ ಅಲ್ಲ, ನ್ಯೂಯಾರ್ಕ್ ಅಲ್ಲ, ಸರ್ಫಿಂಗ್ ಮಾಡುವವರ ಈ ಸಣ್ಣ ಊರು. ಇಬ್ಬರು ದುಡಿಯುವ ನಮ್ಮ ಗತಿಯೇ ಹೀಗಾದರೆ ವಾಟ್ಸನ್‌ವಿಲ್ ಗದ್ದೆಗಳಲ್ಲಿ ಸ್ಟ್ರಾಬೆರಿ ಕೀಳುವವರು, ಕಾರಿನಲ್ಲೇ ಮಲಗಿ ಕ್ಲಾಸಿಗೆ ಹೋಗುವ ವಿದ್ಯಾರ್ಥಿಗಳು ಏನು ಮಾಡಬೇಕು ಹೇಳಿ.

ಇಷ್ಟೊಂದು ಬೆಲೆ ಯಾಕೆ? ಕಡಲು ಒಂದು ಕಡೆ, ಬೆಟ್ಟ ಇನ್ನೊಂದು ಕಡೆ, ಜಾಗ ಕಡಿಮೆ. ಬೆಟ್ಟದಾಚೆ ಸಿಲಿಕಾನ್ ವ್ಯಾಲಿಯ ಸಂಬಳ. ಇವೆರಡು ಎಲ್ಲರಿಗೂ ಕಾಣುವ ಕಾರಣಗಳು. ಕಾಣದ ಕಾರಣಗಳನ್ನು ಹುಡುಕುತ್ತಾ ಹೋದರೆ ಬಹಳಷ್ಟು 1978ಕ್ಕೇ ಬಂದು ನಿಲ್ಲುತ್ತವೆ.

ಆ ವರ್ಷ ರಾಜ್ಯದ ಮತದಾರರು ಪ್ರೊಪೊಸಿಷನ್ 13 ಪಾಸು ಮಾಡಿದರು. ಅದರಂತೆ ಮನೆಯ ಮೂಲ ತೆರಿಗೆ ಕೊಂಡ ಬೆಲೆಯ ಶೇಕಡಾ 1. ಆಮೇಲೆ ಮಾರುಕಟ್ಟೆ ಎಷ್ಟೇ ಏರಲಿ, ತೆರಿಗೆಯ ಲೆಕ್ಕದ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲ. 1980ರಲ್ಲಿ ಒಂದು ಲಕ್ಷ ಡಾಲರಿಗೆ ಮನೆ ಕೊಂಡವರ ಲೆಕ್ಕದ ಬೆಲೆ 2025ಕ್ಕೆ ಹೆಚ್ಚೆಂದರೆ ಸುಮಾರು 2 ಲಕ್ಷ 44 ಸಾವಿರ, ತೆರಿಗೆ 2,440 ಡಾಲರ್. ಪಕ್ಕದ ಅಂಥದ್ದೇ ಮನೆಯನ್ನು ಹತ್ತು ಲಕ್ಷಕ್ಕೆ ಹೊಸದಾಗಿ ಕೊಂಡವರಿಗೆ 10,000! ವಯಸ್ಸಾದವರು ಮನೆ ಬಿಟ್ಟು ಓಡಬೇಕಾಗಿಲ್ಲ ಎಂಬುದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಮಾರಿ ಚಿಕ್ಕ ಮನೆಗೆ ಹೋಗುವ ಮನಸ್ಸೂ ಯಾರಿಗೂ ಬರುವುದಿಲ್ಲ.

ಅದೇ 1978ರಲ್ಲಿ ಸಾಂತಾಕ್ರೂಝ್ ಕೌಂಟಿಯ ಜನ ಮೆಷರ್ ಜೆ ಎಂಬುದಕ್ಕೂ ಮತ ಹಾಕಿದರು. ಕೃಷಿ ಭೂಮಿ ಉಳಿಯಬೇಕು, ಊರು ಬೆಳೆಯುವ ವೇಗಕ್ಕೆ ಮಿತಿ ಇರಬೇಕು, ಹೊಸ ಮನೆಗಳಲ್ಲಿ ಶೇಕಡಾ 15 ಸಾಮಾನ್ಯರ ಕೈಗೆಟುಕಬೇಕು. ಅದಕ್ಕೂ ಮೊದಲೇ, 1976ರಲ್ಲಿ, ರಾಜ್ಯದ ಕರಾವಳಿ ಕಾಯಿದೆ ಬಂದಿತ್ತು. ನಮ್ಮಲ್ಲಿ 1991ರಲ್ಲಿ ಸಿಆರ್‌ಝಡ್ ಬಂತಲ್ಲ, ಹೆಚ್ಚುಕಡಿಮೆ ಆ ತರಹದ್ದು. ಇವತ್ತು ನಾವು ಕಾರು ನಿಲ್ಲಿಸಿ ಬೀಚಿಗೆ ಇಳಿಯುವಂತಿದ್ದರೆ, ಹೈವೇ 1ರ ಪಕ್ಕ ಇನ್ನೂ ಹೊಲಗಳು ಕಾಣುತ್ತಿದ್ದರೆ ಅದು ಈ ಜನರ ಪುಣ್ಯ. ಆದರೆ ಹೊಸ ಮನೆಗಳೇ ಕಡಿಮೆಯಾದರೆ ಅದರಲ್ಲಿ ಶೇಕಡಾ 15 ಎಷ್ಟಾದೀತು?

ಇರಲಿ, ನಮ್ಮ ಕಥೆಗೆ ಬರೋಣ. ಬಾಡಿಗೆ ಕೊಟ್ಟು ಕೊಟ್ಟು ಸಾಯುವ ಬದಲು ಕೊಂಡೇ ಬಿಡೋಣ ಎಂದು ಧೈರ್ಯ ಮಾಡಿದೆವು. ಮೊದಲು ಹಿಡಿಸಿದ್ದು ಕ್ಯಾಪಿಟೋಲಾದ ಒಂದು ಹಳೇ ಮನೆ. ಕೇಳಿದ ಬೆಲೆಯನ್ನೇ ಬರೆದು ಆಫರ್ ಕಳಿಸಿ, ನಮ್ಮ ದೊಡ್ಡತನಕ್ಕೆ ನಾವೇ ಬೆನ್ನು ತಟ್ಟಿಕೊಂಡೆವು. ಒಟ್ಟು ಹನ್ನೊಂದು ಆಫರ್ ಬಂದಿದ್ದವಂತೆ. ಗೆದ್ದವರು ಪೂರ್ತಿ ನಗದು ಕೊಟ್ಟವರು.

ಎರಡನೆಯದು ಬೆಟ್ಟದ ಮೇಲೆ ಬೆನ್ ಲೋಮಂಡ್‌ನಲ್ಲಿ. ರೆಡ್‌ವುಡ್ ಮರಗಳ ನಡುವೆ, ಥೇಟ್ ಮಲೆನಾಡು. ಬೆಲೆಯೂ ಕೈಗೆಟುಕುವಂತಿತ್ತು. ಆದರೆ 2020ರ ಆಗಸ್ಟಿನಲ್ಲಿ ಅದೇ ಬೆಟ್ಟಗಳಲ್ಲಿ ಸಿಝಡ್‌ಯು ಕಾಡ್ಗಿಚ್ಚು ಈ ಕೌಂಟಿಯ 900ಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತ್ತು. ವಿಮೆಗೆ ಫೋನ್ ಮಾಡಿದರೆ ಒಬ್ಬೊಬ್ಬರೂ ಪಿನ್‌ಕೋಡ್ ಕೇಳಿ "ಸಾರಿ" ಅಂದರು. ಬೇರೆ ಯಾರೂ ಕೊಡದವರಿಗಾಗಿ ಇರುವ ಫೇರ್ ಪ್ಲಾನ್ ವಿಮೆಯ ಕಂತು ನೋಡಿದ ಮೇಲೆ ಅಗ್ಗದ ಮನೆ ಅಗ್ಗವಾಗಿ ಉಳಿಯಲಿಲ್ಲ. ಸ್ನೇಹಿತರೇ, ಒಂದು ಕಿವಿಮಾತು: ಬೆಟ್ಟದ ಮನೆ ಹಿಡಿಸಿದರೆ ಆಫರ್ ಹಾಕುವ ಮೊದಲು ವಿಮೆ ಕೇಳಿ. ವಿಮೆ ಇಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ.

ಮೂರನೆಯದು ಮೊಬೈಲ್ ಹೋಮ್. ಬೇರೆ ಮನೆಗಳ ಮೂರನೇ ಒಂದು ಭಾಗದ ಬೆಲೆ! ಆಮೇಲೆ ತಿಳಿಯಿತು, ಮನೆ ನಮ್ಮದು, ಕೆಳಗಿನ ನೆಲ ಪಾರ್ಕಿನವರದು. ನೆಲಕ್ಕೆ ತಿಂಗಳು ತಿಂಗಳೂ ಬಾಡಿಗೆ ಬೇರೆ. ಕೆಲವು ಕುಟುಂಬಗಳಿಗೆ ಇದು ಒಳ್ಳೆಯ ದಾರಿಯೇ, ಆದರೆ ನೆಲಬಾಡಿಗೆ ಏರಿಕೆಗೆ ಮಿತಿ ಇದೆಯೇ ಎಂದು ಕೇಳಿಕೊಂಡು ಹೋಗಬೇಕು.

ಕೊನೆಗೆ ಸಿಕ್ಕಿದ್ದು ಲೈವ್ ಓಕ್‌ನಲ್ಲಿ ಎರಡು ಬೆಡ್‌ರೂಮಿನ ಟೌನ್‌ಹೌಸ್. ಹತ್ತು ಲಕ್ಷ ಡಾಲರ್. ಕಡಲು ಕಾಣಿಸುವುದಿಲ್ಲ, ರಾತ್ರಿ ಗಾಳಿ ಸರಿಯಾಗಿ ಬೀಸಿದರೆ ಕೇಳಿಸುತ್ತದೆ. ಹತ್ತು ವರ್ಷದ ಉಳಿತಾಯ, ನನ್ನ ಸ್ಟಾಕು, ಕರಗಿಸಲು ನನ್ನಾಕೆ ಮನಸ್ಸು ಮಾಡಿದ ಒಂದಿಷ್ಟು ಚಿನ್ನ, ಎಲ್ಲ ಸೇರಿ ಎರಡು ಲಕ್ಷ ಡೌನ್ ಪೇಮೆಂಟ್ ಆಯಿತು. ಉಳಿದ ಎಂಟು ಲಕ್ಷಕ್ಕೆ ಶೇಕಡಾ 7ರ ಬಡ್ಡಿ, ತಿಂಗಳಿಗೆ 5,322 ಡಾಲರ್. ಇದೇ ಸಾಲ 2021ರಲ್ಲಿ ಶೇಕಡಾ 3ಕ್ಕೆ ಸಿಕ್ಕಿದ್ದರೆ 3,373 ಆಗುತ್ತಿತ್ತು. ಆಗ ಅಗ್ಗದ ಬಡ್ಡಿ ಹಿಡಿದವರು ಯಾಕೆ ಮನೆ ಮಾರುತ್ತಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ ನೋಡಿ. ತೆರಿಗೆ, ವಿಮೆ, ಅಸೋಸಿಯೇಷನ್ ಫೀಸು ಸೇರಿದರೆ ನನ್ನ ಸಂಬಳದ ಬಹುಪಾಲು ಅಲ್ಲಿಗೇ. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. 60 ದಿನದ ಭರವಸೆಯ ಮೇಲೆ 30 ವರ್ಷದ ಸಾಲ! ಸಹಿ ಹಾಕುವಾಗ ಕೈ ನಡುಗಿದ್ದು ಸುಳ್ಳಲ್ಲ. ಮಗಳ ಸ್ಕೂಲು ಮಾತ್ರ ಬದಲಾಗಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲವೇನೋ.

ಕಳೆದ ಅಕ್ಟೋಬರಿನ ಒಂದು ಶನಿವಾರ ಪಕ್ಕದ ಬೀದಿಯ ಅಜ್ಜಿ ಬಂದರು. ನಾವು ಬಂದ ವಾರವೇ ತಮ್ಮ ಗಿಡದ ನಿಂಬೆಹಣ್ಣು ಚೀಲ ತುಂಬ ತಂದುಕೊಟ್ಟವರು. ನಿವೃತ್ತ ಟೀಚರ್, 1979ರಲ್ಲಿ ಇಲ್ಲಿ ಮನೆ ಕೊಂಡವರು. ಈ ಸಲ ಕೈಯಲ್ಲಿ ಒಂದು ಅರ್ಜಿ ಇತ್ತು. ಮೂಲೆಯ ಹಳೇ ಅಂಗಡಿ ಸಾಲು ಕೆಡವಿ ಅಲ್ಲಿ ಐದು ಮಹಡಿಯ ಅಪಾರ್ಟ್‌ಮೆಂಟ್ ಬರುತ್ತದಂತೆ, ಬೇಡ ಎಂದು ಎಲ್ಲರೂ ಸಹಿ ಹಾಕಬೇಕು. ಟ್ರಾಫಿಕ್, ಪಾರ್ಕಿಂಗ್, ಬಿಸಿಲು ತಡೆಯುತ್ತದೆ, ಊರಿನ ಚೆಂದ ಕೆಡುತ್ತದೆ.

ನಾನು ಪೆನ್ನು ತೆಗೆದುಕೊಂಡೆ. ನಿಜ ಹೇಳುತ್ತೇನೆ, ಸಹಿ ಹಾಕಿಬಿಡುತ್ತಿದ್ದೆ. ಹೊಸ ಮನೆಗಳು ಬಂದರೆ ನಮ್ಮ ಮನೆಯ ಬೆಲೆ ಇಳಿಯುತ್ತದೇನೋ, ಎರಡು ಲಕ್ಷ ನೀರಿನಲ್ಲಿ ಹೋಮವೇನೋ ಎಂಬ ಲೆಕ್ಕ ತಲೆಯಲ್ಲಿ ಆಗಲೇ ಓಡಿತ್ತು. ಒಂದೂವರೆ ವರ್ಷದ ಹಿಂದೆ ಇದೇ ಊರಿನಲ್ಲಿ ಬಾಡಿಗೆ ಮನೆಗಾಗಿ ಅಲೆದ ಮನುಷ್ಯ ನಾನೇ! ಎಷ್ಟು ಬೇಗ ಬಾಗಿಲಿನ ಒಳಗಡೆಯವನಾಗಿಬಿಟ್ಟೆ?

ಮಾತು ತಿರುಗಿಸಲೆಂದು "ನಿಮ್ಮ ಮಗ ಎಲ್ಲಿದ್ದಾರೆ?" ಎಂದು ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಐಡಾಹೊದಲ್ಲಿ. ಇಲ್ಲಿ ಮನೆ ಮಾಡೋದು ಅವನಿಗೆ ಆಗಲಿಲ್ಲ. ಮೊಮ್ಮಕ್ಕಳನ್ನು ನೋಡೋದು ಕ್ರಿಸ್‌ಮಸ್‌ಗೆ ಮಾತ್ರ" ಅಂದರು. ಅರ್ಜಿ ಇಬ್ಬರ ನಡುವೆ ಮೇಜಿನ ಮೇಲೇ ಇತ್ತು. ನಾನು ಪೆನ್ನು ವಾಪಸು ಕೊಟ್ಟು, ಕಾಫಿ ಮಾಡಿ ಕೊಟ್ಟು, ಸಹಿ ಮಾಡಲಾರೆ ಎಂದು ಹೇಳಿದೆ. ಅವರಿಗೆ ಬೇಸರವಾಯಿತು, ಮರೆಮಾಚಲಿಲ್ಲ.

ರಾತ್ರಿ ನನ್ನಾಕೆ ಕೇಳಿದಳು, "ಬೆಲೆ ನಿಜವಾಗಿ ಇಳಿದರೆ?" ಇಳಿಯಬಹುದು. ನನ್ನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. "ನಮ್ಮ ಮಗಳು ದೊಡ್ಡವಳಾದ ಮೇಲೆ ಐಡಾಹೊಗೆ ಹೋಗಬೇಕಾ?" ಎಂದೆ. ಅವಳೂ ಸುಮ್ಮನಾದಳು.

ರಾಜ್ಯ ಸರ್ಕಾರ 2023ರಿಂದ 2031ರ ಅವಧಿಗೆ ನಮ್ಮ ಕೌಂಟಿಯ ನಗರಸಭೆಗಳ ಹೊರಗಿನ ಭಾಗಕ್ಕೇ 4,634 ಹೊಸ ಮನೆಗಳ ಗುರಿ ಕೊಟ್ಟಿದೆ. ಹಿತ್ತಲಲ್ಲಿ ಪುಟ್ಟ ಮನೆ ಕಟ್ಟುವವರಿಗೆ 2020ರಿಂದ ನಿಯಮಗಳು ಇನ್ನಷ್ಟು ಸಡಿಲವಾಗಿವೆ. ನಿಯಮಕ್ಕೆ ಸರಿಹೊಂದುವ ಅರ್ಜಿಗೆ 60 ದಿನದಲ್ಲಿ ಉತ್ತರ ಕೊಡಬೇಕು. (ಮತ್ತೆ ಅದೇ 60! ಈ ಸಲ ಶುಭ ಸಂಖ್ಯೆ.) ಕಾನೂನು ತನ್ನ ಕೆಲಸ ಮಾಡುತ್ತದೆ. ಆದರೆ ಪ್ರತಿ ಮೂಲೆ ಸೈಟಿನ ಹಣೆಬರಹ ತೀರ್ಮಾನಿಸುವ ಸಭೆಗೆ ಬರುವವರು ಆಗಲೇ ಮನೆ ಇರುವವರು ಮಾತ್ರ. ಮನೆ ಸಿಗದವರು ಅಷ್ಟು ಹೊತ್ತಿಗೆ ಊರು ಬಿಟ್ಟಿರುತ್ತಾರೆ.

ಅದಕ್ಕೇ ನವೆಂಬರಿನಲ್ಲಿ ಕೌಂಟಿ ಸಭೆಗೆ ಹೋದೆ. ಒಬ್ಬೊಬ್ಬರಿಗೆ ಎರಡು ನಿಮಿಷ. ಕಾಲೇಜಿನ ವೈವಾದಲ್ಲಿ ಆದಷ್ಟೇ ಭಯವಾಯಿತು. ನಾನು ಯಾರು, ಎಷ್ಟು ಮನೆ ಹುಡುಕಿದೆ, ಈ ಕಟ್ಟಡ ಯಾಕೆ ಬೇಕು ಅಂತ ನನ್ನ ಕುಂದಾಪುರದ ಇಂಗ್ಲಿಷಿನಲ್ಲಿ ಹೇಳಿ ಕುಳಿತೆ. ಮತ ಹಾಕುವ ಹಕ್ಕು ನನಗಿಲ್ಲ, ಮಾತಾಡುವ ಹಕ್ಕಿದೆ. ತೀರ್ಮಾನ ಇನ್ನೂ ಆಗಿಲ್ಲ. ಅಜ್ಜಿ ಎರಡು ಸಾಲು ಮುಂದೆ ಕುಳಿತಿದ್ದರು, ವಿರುದ್ಧವಾಗಿಯೇ ಮಾತಾಡಿದರು. ಹೊರಗೆ ಬಂದು "ನಿಮ್ಮ ಮಾತು ಚೆನ್ನಾಗಿತ್ತು, ನಾನು ಒಪ್ಪೋದಿಲ್ಲ" ಅಂದರು. ಮರುದಿನ ಮತ್ತೆ ನಿಂಬೆಹಣ್ಣು ಬಂತು. ಉಪ್ಪಿನಕಾಯಿ ಹಾಕಿ ಒಂದು ಬಾಟಲಿ ಅವರಿಗೂ ಕೊಟ್ಟಿದ್ದೇವೆ.

ನಿಮ್ಮೂರಿನಲ್ಲೂ ಇಂಥ ಅರ್ಜಿ ಬಾಗಿಲಿಗೆ ಬಂದರೆ, ಸಹಿ ಹಾಕುವ ಮುನ್ನ ಎರಡು ಸೂಟ್‌ಕೇಸಿನೊಂದಿಗೆ ಬಂದಿಳಿದ ದಿನವನ್ನು ಒಮ್ಮೆ ನೆನೆಸಿಕೊಳ್ಳಿ. ಆಮೇಲೆ ನಿಮ್ಮಿಷ್ಟ.

ಬೋರ್ಡ್‌ವಾಕಿಗೆ ಬಂದಾಗ ಮನೆಗೂ ಬನ್ನಿ. ಕಾಫಿಯಂತೂ ಖಂಡಿತ. ಪಾರ್ಕಿಂಗ್ ಮಾತ್ರ ನಿಮ್ಮ ಅದೃಷ್ಟ!