ನಮಾಝಿಗೆ ಕುಳಿತುಕೊಳ್ಳಬಹುದು, ಅಂಗಡಿಯಲ್ಲಿ ಯಾಕೆ ಬೇಡ?

ಬಟ್ಟೆ ಅಂಗಡಿ, ಫ್ಯಾನ್ಸಿ ಸ್ಟೋರ್, ಆಸ್ಪತ್ರೆ, ಇಂಗ್ಲಿಷ್ ಮೀಡಿಯಂ ಶಾಲೆ, ಈಗ ನಮ್ಮ ಬ್ಯಾರಿ ಹೆಣ್ಣುಮಕ್ಕಳು ಎಲ್ಲ ಕಡೆ ದುಡಿಯುತ್ತಿದ್ದಾರೆ. ಮನೆಯಲ್ಲೇ ಬೀಡಿ ಕಟ್ಟುತ್ತಿದ್ದ ಉಮ್ಮಂದಿರು ಬಸಿರಿನಲ್ಲಿ ಸುಸ್ತಾದರೆ ತಡ್ಪೆ ಬದಿಗಿಟ್ಟು ಅರ್ಧ ಗಂಟೆ ಮಲಗುತ್ತಿದ್ದರು. ಅಂಗಡಿಯಲ್ಲಿ ಹಾಗಲ್ಲ. ಬೆಳಗ್ಗೆ ಹೋದರೆ ರಾತ್ರಿವರೆಗೆ ನಿಂತೇ ಇರಬೇಕು.

ಮದ್ರಸಕ್ಕೆ ಮಕ್ಕಳನ್ನು ಬಿಡಲು ಬರುವ ಉಮ್ಮಂದಿರು ನಮ್ಮಲ್ಲಿ ಮನೆಯ ಸಂಕಟವನ್ನೂ ಹೇಳಿಕೊಳ್ಳುವುದುಂಟು. ಪೆರ್ನಾಲಿನ ಮುಂಚೆ ಒಬ್ಬರು ಮಗಳ ವಿಷಯ ಹೇಳಿದರು. ಏಳು ತಿಂಗಳು ದಾಟಿದೆ, ಬಿ.ಪಿ. ಹೆಚ್ಚು, ಕಾಲು ಊದಿದೆ. ಜಾಸ್ತಿ ನಿಲ್ಲಬೇಡ ಎಂದು ಡಾಕ್ಟರ್ ಬರೆದ ಚೀಟಿ ತೋರಿಸಿದರೆ ಮಾಲಕರು "ಬಸಿರು ನಿನಗೊಬ್ಬಳಿಗಾ? ಪೆರ್ನಾಲ್ ಮುಗಿಯಲಿ, ಆಮೇಲೆ ನೋಡುವ" ಅಂದರಂತೆ. ಕೆಲಸ ಬಿಟ್ಟುಬಿಡು ಎಂದು ಗಲ್ಫಿನಿಂದ ಗಂಡ ಹೇಳುತ್ತಾನೆ. ಮನೆ ಸಾಲದ ಕಂತು ಯಾರು ಕಟ್ಟುವುದು? ಆ ಮಾಲಕರು ನಮ್ಮವರೇ, ಮಸೀದಿಯಲ್ಲಿ ಇಫ್ತಾರ್ ಕೊಡುವವರು. ನಮಗೆ ಜಾಸ್ತಿ ನೋವಾದದ್ದು ಅದಕ್ಕೆ.

ನಿಂತು ನಮಾಝ್ ಮಾಡಲಾಗದವರು ಕುಳಿತು ಮಾಡಬಹುದು ಎಂದು ಚಿಕ್ಕ ಮಕ್ಕಳಿಗೇ ಕಲಿಸುತ್ತೇವೆ. ತನಗೋ ಮಗುವಿಗೋ ತೊಂದರೆಯಾದೀತೆಂಬ ಭಯವಿದ್ದರೆ ಬಸುರಿ ರಮಝಾನ್ ಉಪವಾಸ ಬಿಟ್ಟು ಮತ್ತೆ ಖಝಾ ಮಾಡಬಹುದು. (ಭಯ ಮಗುವಿನ ಬಗ್ಗೆ ಮಾತ್ರವಾದರೆ ಶಾಫಿಈ ಮದ್‌ಹಬಿನಲ್ಲಿ ಮುದ್ದ್ ಕೂಡ ಕೊಡಬೇಕು, ಆ ಮಸ್ಅಲ ಬೇರೆ.) ಫರ್ಳ್ ಇಬಾದತ್ತಿನಲ್ಲೇ ಅಲ್ಲಾಹನು ಇಷ್ಟು ರಿಯಾಯಿತಿ ಕೊಟ್ಟಿರುವಾಗ ಕೌಂಟರಿನ ಹಿಂದೆ ಒಂದು ಸ್ಟೂಲ್ ಇಡಲು ಏನು ಕಷ್ಟ? ಮರ್ಯಮ್ (ಅ) ಹೆರಿಗೆ ನೋವಿನಲ್ಲಿ ಖರ್ಜೂರದ ಮರದ ಬುಡಕ್ಕೆ ಬಂದಾಗ ಅವರಿಗೆ ಸಿಕ್ಕಿದ್ದು ಸಾಂತ್ವನದ ಮಾತು, ನೀರು, ಹಣ್ಣು.

ಕಾನೂನೂ ಇವರ ಪರ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಹಕ್ಕುಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸಕ್ಕಿರುವ ಅಂಗಡಿಗೆ ಇದು ಅನ್ವಯ. ಹೆರಿಗೆಯ ಅಂದಾಜು ದಿನಕ್ಕೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ, ಮೂರನೆಯದಕ್ಕೆ 12 ವಾರ ಸಂಬಳ ಸಹಿತ ರಜೆ. ಬಸಿರಿನಿಂದ ಕಾಯಿಲೆ ಬಂದರೆ ಡಾಕ್ಟರ್ ಸರ್ಟಿಫಿಕೇಟ್ ಮೇಲೆ ಇನ್ನೂ ಒಂದು ತಿಂಗಳು. ಅಂದಾಜು ದಿನಕ್ಕೆ ಸುಮಾರು ಹತ್ತು ವಾರ ಇರುವಾಗಿನಿಂದ, ಆಕೆ ಕೇಳಿಕೊಂಡರೆ, ಭಾರದ ಕೆಲಸ, ಗಂಟೆಗಟ್ಟಲೆ ನಿಲ್ಲುವ ಕೆಲಸ ಕೊಡುವಂತಿಲ್ಲ.

'ಕೇಳಿಕೊಂಡರೆ' ಎಂಬ ಮಾತು ಮುಖ್ಯ. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ಒಂದು ಹಾಳೆಯಲ್ಲಿ ಬರೆದು, ಡಾಕ್ಟರ್ ಚೀಟಿ ಮತ್ತು ತಾಯಿ ಕಾರ್ಡಿನ ಜೆರಾಕ್ಸ್ ಇಟ್ಟು ಕೊಡಿ, ಇನ್ನೊಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಶೀದಿ ಇಟ್ಟುಕೊಳ್ಳಿ. ರಾಜೀನಾಮೆ ಬರೆದುಕೊಡು ಅಂದರೆ ಮಾತ್ರ ಬರೆಯಲೇಬೇಡಿ. ಬಸಿರಿನಲ್ಲಿ ಕೆಲಸದಿಂದ ತೆಗೆದರೂ ಈ ಸೌಲಭ್ಯದ ಹಕ್ಕು ಹೋಗುವುದಿಲ್ಲ, ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಸಂಬಳದಲ್ಲಿ ಇಎಸ್‌ಐ ಕಡಿತ ಆಗುತ್ತಿದ್ದರೆ ಹೆರಿಗೆ ರಜೆಯ ಹಣ ಕೊಡುವುದು ಇಎಸ್‌ಐ, ಮಾಲಕರ ಕಿಸೆಯಿಂದ ಹೋಗುವುದಿಲ್ಲ. ಇದು ಗೊತ್ತಿಲ್ಲದೆಯೇ ಕೆಲವು ಮಾಲಕರು ಮುಖ ಗಂಟಿಕ್ಕುವುದು.

ಪಕ್ಕದ ಕೇರಳದಲ್ಲಿ ಕಲ್ಲಿಕೋಟೆಯ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಅಲ್ಲಿನ ಸರಕಾರ ಕಾನೂನು ತಿದ್ದಿ, ಕೆಲಸದವರಿಗೆ ಆಸನ ಇಡಲೇಬೇಕು ಎಂದಿತು.

ಆದರೆ ನಾಲ್ಕೈದು ಮಂದಿ ಇರುವ ಸಣ್ಣ ಅಂಗಡಿಗೆ ಈ 26 ವಾರದ ಕಾನೂನು ತಲುಪುವುದಿಲ್ಲ. ನಮ್ಮ ಹೆಚ್ಚಿನ ಹೆಣ್ಣುಮಕ್ಕಳು ಇರುವುದು ಅಂಥಲ್ಲೇ. ಅಲ್ಲಿ ಮಾತಾಡಬೇಕಾದವರು ಜಮಾಅತ್ತಿನವರು. ತಲಾಖ್, ಜಾಗದ ತಕರಾರು ಕೂತು ಬಗೆಹರಿಸುವ ಕಮಿಟಿಗೆ ಒಬ್ಬ ಮಾಲಕರನ್ನು ಕರೆದು ಚಾ ಕೊಟ್ಟು ಹೇಳುವುದು ದೊಡ್ಡದಲ್ಲ. ಪೆರ್ನಾಲ್ ವ್ಯಾಪಾರ ಜೋರಾದ ಮೇಲೆ ಯಾರೂ ಕಿವಿಗೊಡುವುದಿಲ್ಲ. ಶಅಬಾನಿನ ಒಂದು ಜುಮಾದಲ್ಲೇ, ಮಾಲಕರೆಲ್ಲ ಸಫ್ಫಿನಲ್ಲಿ ಕುಳಿತಿರುವಾಗ, ಖತೀಬರು ಐದು ನಿಮಿಷ ಈ ವಿಷಯ ಹೇಳಲಿ.