ಬಣ್ಣ ನೋಡಿ ಹೆಸರಿಡಬೇಡಿ: ಸಿಂಗಾಪುರದ ಹಸಿರು ಕಡಲ ಬಸವನ

ಕಳೆದ ಜೂನ್ ರಜೆಯಲ್ಲಿ ಊರಿಗೆ ಹೋಗುವ ಬದಲು ನಾವು ಸಿಂಗಾಪುರದ ಬಂಧುಗಳ ಮನೆಗೆ ಹೋಗಿದ್ದೆವು. ಎಲ್ಲರೂ ನೋಡುವ ಜಾಗಗಳು ಮುಗಿದ ಮೇಲೆ ಅವರ ಮಗ ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ನಮ್ಮನ್ನೆಲ್ಲ ಎಬ್ಬಿಸಿ ಚಾಂಗಿ ಕಡಲ ತೀರಕ್ಕೆ ಕರೆದೊಯ್ದ. ಹುಣ್ಣಿಮೆಯ ಮರುದಿನ. ನೀರು ಬಹಳ ದೂರ ಇಳಿದಿತ್ತು. ಟಾರ್ಚ್ ಬೆಳಕಿನಲ್ಲಿ ನವಿಲುಗರಿಯಂತಹ ಹಸಿರು ಪಾಚಿಯ ಮೇಲೆ ಎರಡು ಸೆಂಟಿಮೀಟರಿನ ಒಂದು ಎಲೆ ಕಾಣಿಸಿತು. ನೋಡುತ್ತಿದ್ದಂತೆ ಆ ಎಲೆ ನಡೆಯಿತು!

ನಮ್ಮಲ್ಲಿ ಒಬ್ಬರು ಜಿಗಣೆ ಎಂದರು, ಇನ್ನೊಬ್ಬರು ಕಂಬಳಿಹುಳು ಎಂದರು. ಹುಡುಗ ನಕ್ಕು, "ಬಣ್ಣ ಬಿಡಿ, ಅಂಗಾಂಗ ನೋಡಿ" ಎಂದ. ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಹೊಸಬರಿಗೆ ದಿನವೂ ಇದೇ ಮಾತು ಹೇಳುವ ನಮಗೆ ಅದು ಚೆನ್ನಾಗಿಯೇ ನಾಟಿತು.

ಅದು ಚಿಪ್ಪಿಲ್ಲದ ಕಡಲ ಬಸವನಹುಳು. ಅಲ್ಲಿಯವರು ಎಲಿಸಿಯಾ ಒರ್ನಾಟಾ ಎಂದು ಗುರುತಿಸುತ್ತಾರೆ. ಒರ್ನಾಟಾ ಎಂದರೆ ಅಲಂಕೃತ. ಇದನ್ನು ಗುರುತಿಸಲು ನಾವು ಕಲಿತ ಕ್ರಮ ಹೀಗಿದೆ.

ಮೊದಲು ತಲೆ. ಅಲ್ಲಿ ಎರಡು ಕೊಂಬುಗಳಿವೆ. ನೀರಿನ ವಾಸನೆ, ರುಚಿ ತಿಳಿಯುವ ಅಂಗ ಅದು. ಈ ಗುಂಪಿನಲ್ಲಿ ಕೊಂಬು ಗಟ್ಟಿಯಾಗಿರದೆ, ವೀಳ್ಯದೆಲೆ ಸುರುಳಿ ಸುತ್ತಿದಂತೆ ಇರುತ್ತದೆ. ಕೊಂಬಿನ ಹಿಂದೆ ಕಣ್ಣುಗಳು ಎರಡು ಕಪ್ಪು ಚುಕ್ಕೆ, ಅಷ್ಟೆ. ಚಪ್ಪಟೆ ಹುಳುಗಳೂ ದೂರದಿಂದ ಹೀಗೇ ಕಾಣುತ್ತವೆ, ಆದರೆ ಅವುಗಳ ಕೊಂಬು ಬರೀ ಚರ್ಮದ ಮಡಿಕೆ.

ನಂತರ ಬೆನ್ನು. ದೇಹದ ಎರಡೂ ಬದಿಯಿಂದ ರೆಕ್ಕೆಯಂತಹ ಎರಡು ಮಡಿಕೆ ಎದ್ದು ಬೆನ್ನನ್ನು ಶಾಲಿನಂತೆ ಮುಚ್ಚುತ್ತವೆ. ಅದು ರೆಕ್ಕೆ ಬಿಚ್ಚಿದಾಗ ತಲೆಯ ಹಿಂದೆ ಒಂದು ಸಣ್ಣ ಉಬ್ಬು ಕಾಣುತ್ತದೆ. ಹೃದಯ ಇರುವುದು ಅಲ್ಲೇ. ಬೆನ್ನಿನ ಮೇಲೆ ಕಿವಿರಿನ ಹೂಗೊಂಚಲಿದ್ದರೆ ಅಥವಾ ಬೆರಳಿನಂತಹ ಚಾಚುಗಳಿದ್ದರೆ ಅದು ಬೇರೆ ಪ್ರಾಣಿ. ಇದೇ ಪಾಚಿಯ ಮೇಲೆ ಬದುಕುವ ಪ್ಲಾಸಿಡಾ ಎಂಬ ಇನ್ನೊಂದು ಹಸಿರು ಬಸವನಕ್ಕೆ ಅಂತಹ ಚಾಚುಗಳಿವೆ.

ಬಣ್ಣದ ಸರದಿ ಕೊನೆಗೆ. ಹಸಿರು ಮೈ, ಬಿಳಿ ಮತ್ತು ಕಪ್ಪು ಸಣ್ಣ ಚುಕ್ಕೆ, ರೆಕ್ಕೆಯ ಅಂಚಿಗೆ ಕಿತ್ತಳೆ ಪಟ್ಟಿ, ಅದರ ಹೊರಗೆ ಕಪ್ಪು ಗೆರೆ. ಅಂಚು ಬರೀ ಬಿಳಿಯಾಗಿದ್ದರೆ ಅದು ಕಾಂಡ್ಲಾ ಕಾಡಿನ ಇನ್ನೊಂದು ಎಲಿಸಿಯಾ ಇರಬಹುದು.

ಬಾಯಿಯೊಳಗಿನ ರಚನೆ ಇನ್ನೂ ವಿಚಿತ್ರ. ಹಲ್ಲುಗಳು ಒಂದೇ ಸಾಲಿನಲ್ಲಿವೆ, ಕೆಲಸ ಮಾಡುವುದು ಒಂದು ಸಲಕ್ಕೆ ಒಂದೇ. ಸವೆದ ಹಲ್ಲು ಉದುರಿ ಹೊರಹೋಗದೆ ಒಳಗಿನ ಚೀಲದಲ್ಲಿ ಉಳಿಯುತ್ತದೆ. ಹಾಗಾಗಿ ಈ ಗುಂಪಿನ ಹೆಸರಿಗೆ 'ಚೀಲದ ನಾಲಿಗೆ' ಎಂದೇ ಅರ್ಥ. ಆ ಒಂದು ಹಲ್ಲಿನಿಂದ ಬ್ರಯಾಪ್ಸಿಸ್ ಎಂಬ ಪಾಚಿಯನ್ನು ಚುಚ್ಚಿ, ಎಳನೀರು ಹೀರಿದಂತೆ ಒಳಗಿನ ರಸ ಹೀರುತ್ತದೆ. ಪಾಚಿಯ ಹಸಿರು ಕಣಗಳನ್ನು ಪೂರ್ತಿ ಜೀರ್ಣಿಸದೆ ತನ್ನ ಮೈಯಲ್ಲೇ ಇಟ್ಟುಕೊಳ್ಳುತ್ತದೆ. ನಾವು ನೋಡಿದ ಹಸಿರು ಅದರದ್ದಲ್ಲ, ಪಾಚಿಯದ್ದು. ಆದ್ದರಿಂದಲೇ ಬಣ್ಣವನ್ನು ನಂಬುವಂತಿಲ್ಲ.

ಹೆಸರಿನ ವಿಷಯದಲ್ಲಿ ತಜ್ಞರೂ ಎಚ್ಚರವಾಗಿರುತ್ತಾರೆ. 2021ರಲ್ಲಿ ಜಪಾನಿನ ನಾರಾ ಮಹಿಳಾ ವಿಶ್ವವಿದ್ಯಾಲಯದ ಸಂಶೋಧಕರು ಇದರ ಹತ್ತಿರದ ಬಂಧುವೊಂದು ತನ್ನ ತಲೆಯನ್ನು ತಾನೇ ಕಳಚಿಕೊಂಡು, ಸುಮಾರು ಮೂರು ವಾರದಲ್ಲಿ ಹೃದಯ ಸಮೇತ ಹೊಸ ದೇಹ ಬೆಳೆಸಿಕೊಂಡದ್ದನ್ನು ವರದಿ ಮಾಡಿದರು. ಅಷ್ಟು ದೊಡ್ಡ ಸುದ್ದಿಯಲ್ಲೂ ಪ್ರಾಣಿಯ ಹೆಸರಿನ ನಡುವೆ 'ಸಿ.ಎಫ್.' ಎಂದು ಬರೆದಿದ್ದರು. ಅದರ ಅರ್ಥ 'ಹೋಲಿಸಿ ನೋಡಿ'. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಿಲ್ಲ.

ಗುರುತಿಸುವಿಕೆ ಇಷ್ಟು ಮುಖ್ಯವೇ? ನಮ್ಮ ಔಷಧಿ ಶಾಸ್ತ್ರದಿಂದಲೇ ಒಂದು ಉದಾಹರಣೆ. 1993ರಲ್ಲಿ ಹವಾಯಿಯ ಎಲಿಸಿಯಾ ರುಫೆಸೆನ್ಸ್ ಎಂಬ ಬಸವನದಲ್ಲಿ ಕಹಲಲೈಡ್ ಎಫ್ ಎಂಬ ವಸ್ತು ಸಿಕ್ಕಿತು. ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷೆಯೂ ನಡೆಯಿತು, ಆದರೆ ಔಷಧಿಯಾಗಿ ಅಂಗಡಿಗೆ ಬರಲಿಲ್ಲ. ಬಸವನ ಅದನ್ನು ಪಡೆಯುವುದು ಬ್ರಯಾಪ್ಸಿಸ್ ಪಾಚಿಯಿಂದ. 2019ರಲ್ಲಿ ತಿಳಿದದ್ದು, ಪಾಚಿಯೂ ಅದನ್ನು ತಯಾರಿಸುವುದಿಲ್ಲ, ಪಾಚಿಯೊಳಗೆ ವಾಸಿಸುವ ಒಂದು ಬ್ಯಾಕ್ಟೀರಿಯಾ ತಯಾರಿಸುತ್ತದೆ. ಕಡಲ ಮೊಲ ಎಂಬ ದೊಡ್ಡ ಬಸವನದಲ್ಲಿ ಸಿಕ್ಕ ಡೋಲಾಸ್ಟಾಟಿನ್ ಕಥೆಯೂ ಹೀಗೇ. ಅದರ ಜಾಡಿನಲ್ಲಿ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಬ್ರೆಂಟಕ್ಸಿಮ್ಯಾಬ್ ವೆಡೋಟಿನ್ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು, ಇಂದು ಹಾಜ್ಕಿನ್ ಲಿಂಫೋಮಾ ರೋಗಿಗಳಿಗೆ ಸಿಗುತ್ತಿದೆ. ಯಾವ ಪ್ರಾಣಿ, ಅದು ತಿಂದದ್ದು ಯಾವ ಪಾಚಿ ಎಂದು ಯಾರೋ ಸರಿಯಾಗಿ ಬರೆದಿಟ್ಟದ್ದರಿಂದ ಇದೆಲ್ಲ ಸಾಧ್ಯವಾಯಿತು.

ಚಾಂಗಿಯ ಎದುರಿಗೇ ಪುಲಾವ್ ಉಬಿನ್ ದ್ವೀಪವಿದೆ. ಅದರ ಚೆಕ್ ಜಾವಾ ತೀರವನ್ನು ಮಣ್ಣು ತುಂಬಿ ಮುಚ್ಚುವ ಯೋಜನೆಯಿತ್ತು. 2001ರಲ್ಲಿ ಸ್ವಯಂಸೇವಕರು ಇಳಿತದ ಹೊತ್ತಿನಲ್ಲಿ ಅಲ್ಲಿಯ ಜೀವಿಗಳನ್ನು ಒಂದೊಂದಾಗಿ ದಾಖಲಿಸಿದರು, ಜನ ಮನವಿ ಸಲ್ಲಿಸಿದರು. ಆ ಡಿಸೆಂಬರಿನಲ್ಲಿ ಸರ್ಕಾರ ಯೋಜನೆಯನ್ನು ಮುಂದೂಡಿತು. ತೀರ ಇಂದಿಗೂ ಉಳಿದಿದೆ.

ನಾವು ಆ ಪ್ರಾಣಿಯನ್ನು ಮುಟ್ಟಲಿಲ್ಲ, ಪಾಚಿ ಕೀಳಲಿಲ್ಲ. ಪಕ್ಕದಿಂದ, ಮೇಲಿನಿಂದ, ಕೊಂಬು ಕಾಣುವಂತೆ ಮೂರು ಫೋಟೋ ತೆಗೆದು ಬಂದೆವು.

ಕೆಲಸಕ್ಕೆ ಮರಳಿದ ವಾರವೇ ಒಬ್ಬ ಕಾರ್ಮಿಕ ಬಂಧು ಊರಿನಿಂದ ತಂದ ಬಿಡಿ ಮಾತ್ರೆಗಳ ಪೊಟ್ಟಣ ಹಿಡಿದು ಬಂದರು. "ಹಸಿರು ಬಿಪಿಗೆ, ಬಿಳಿ ಸಕ್ಕರೆಗೆ" ಎಂದರು. ಪೊಟ್ಟಣದಲ್ಲಿ ಬಿಳಿ ಮಾತ್ರೆ ಎರಡು ಬಗೆಯವು ಇದ್ದವು. ಯಾವುದು ಸಕ್ಕರೆಗೆ ಎಂದು ಅವರಿಗೂ ಗೊತ್ತಿರಲಿಲ್ಲ, ಬರೀ ಕಣ್ಣಿನಿಂದ ನೋಡಿ ನಮಗೂ ಹೇಳಲಾಗಲಿಲ್ಲ. ಊರಿಗೆ ಫೋನ್ ಮಾಡಿಸಿ ಚೀಟಿಯ ಫೋಟೋ ತರಿಸಿಕೊಂಡ ಮೇಲೆಯೇ ಮಾತ್ರೆ ಕೊಟ್ಟೆವು. ದಯವಿಟ್ಟು ಸ್ಟ್ರಿಪ್ ಕತ್ತರಿಸಿ ಹೆಸರು ಎಸೆಯಬೇಡಿ, ವೈದ್ಯರ ಚೀಟಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಎರಡು ಸೆಂಟಿಮೀಟರಿನ ಬಸವನಕ್ಕೇ ಇಷ್ಟು ನೋಡಿ ಹೆಸರಿಡುವಾಗ, ನಮ್ಮ ಹೊಟ್ಟೆಗೆ ಹೋಗುವ ಮಾತ್ರೆಯನ್ನು ಬರೀ ಬಣ್ಣದಿಂದ ಗುರುತಿಸುವುದು ಬೇಡ.