ಬದಲಾಯಿಸಿದ್ದು ಕಾಣುತ್ತಿಲ್ಲವೇಕೆ? ಜಾಲಪುಟ ರಚನೆಯಲ್ಲಿ ಮುನ್ನೋಟ

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಕೆಲಸವನ್ನು ನೀವು ನೋಡಿರಬಹುದು. ಲೇತಿನಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಉಳಿ ತಾಗಿಸಿದೊಡನೆ ಆಕಾರ ಬದಲಾಗುತ್ತದೆ. ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೈ ಮಾಡಿದ್ದನ್ನು ಕಣ್ಣು ಆ ಕ್ಷಣವೇ ಕಾಣುತ್ತದೆ. ಕಣ್ಣು ಕಂಡದ್ದಕ್ಕೆ ತಕ್ಕಂತೆ ಕೈ ತಿದ್ದಿಕೊಳ್ಳುತ್ತದೆ.

ಜಾಲಪುಟ ಬರೆಯುವವರಿಗೆ ಈ ಅನುಕೂಲ ತಾನಾಗಿ ದೊರೆಯುವುದಿಲ್ಲ. ಬರೆಯುವುದು ಒಂದು ಕಿಟಕಿಯಲ್ಲಿ, ಫಲಿತಾಂಶ ಕಾಣುವುದು ಇನ್ನೊಂದರಲ್ಲಿ. ಹಿಂದೊಮ್ಮೆ ಶಿಕ್ಷಕರ ತರಬೇತಿಯೊಂದರಲ್ಲಿ ನಾನೇ ಅರ್ಧ ಗಂಟೆ ಶೀರ್ಷಿಕೆಯ ಬಣ್ಣ ಬದಲಾಯಿಸುತ್ತ ಕುಳಿತೆ. ಪರದೆಯ ಮೇಲೆ ಏನೂ ಆಗಲಿಲ್ಲ. ನಾನು ತಿದ್ದುತ್ತಿದ್ದುದು ಕಂಪ್ಯೂಟರಿನಲ್ಲಿದ್ದ ಕಡತವನ್ನು. ಬ್ರೌಸರ್ ತೋರಿಸುತ್ತಿದ್ದುದು ಪೆನ್‌ಡ್ರೈವಿನಲ್ಲಿದ್ದ ಅದೇ ಹೆಸರಿನ ಇನ್ನೊಂದು ಕಡತವನ್ನು! ನನಗಾದರೆ ಅದು ನಗುವ ವಿಷಯ. ಇದೇ ಸ್ಥಿತಿಯಲ್ಲಿರುವ ವಿದ್ಯಾರ್ಥಿ ಮಾತ್ರ 'ಇದು ನನ್ನಿಂದಾಗದು' ಎಂದು ತೀರ್ಮಾನಿಸಿಬಿಡುತ್ತಾನೆ. ಆದ್ದರಿಂದ ಮುನ್ನೋಟ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಬರೆಯುವುದೂ ನೋಡುವುದೂ ಬೇರೆಯಾದದ್ದು

ಜಿನೀವಾದ ಬಳಿಯ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1990ರಲ್ಲಿ ರಚಿಸಿದ ಮೊದಲ ಬ್ರೌಸರಿನಲ್ಲಿ ಪುಟವನ್ನು ಓದುವುದರ ಜೊತೆಗೆ ಅಲ್ಲಿಯೇ ತಿದ್ದಲೂ ಸಾಧ್ಯವಿತ್ತು. 1993ರ ಮೊಸಾಯಿಕ್‌ನಂಥ ಜನಪ್ರಿಯ ಬ್ರೌಸರ್‌ಗಳು ಓದುವುದಕ್ಕೆ ಮಾತ್ರ ಆದವು. ಅಲ್ಲಿಂದ ಮುಂದೆ ಬರೆಯುವ ಉಪಕರಣ ಬೇರೆ, ನೋಡುವ ಉಪಕರಣ ಬೇರೆ ಎಂಬುದೇ ರೂಢಿಯಾಯಿತು.

ಪುಟದ ರಚನೆಯನ್ನು ಹೇಳುವ ಭಾಷೆ ಎಚ್‌ಟಿಎಂಎಲ್. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಕೋಷ್ಟಕ ಎಂದು ಅದು ಗುರುತಿಸುತ್ತದೆ. ಬಣ್ಣ, ಗಾತ್ರ, ಅಂತರಗಳನ್ನು ಹೇಳುವುದು ಸಿಎಸ್‌ಎಸ್. ಇದನ್ನು 1994ರಲ್ಲಿ ಹೋಕನ್ ವಿಯುಮ್ ಲೀ ಪ್ರಸ್ತಾಪಿಸಿದರು. 1996ರ ಡಿಸೆಂಬರಿನಲ್ಲಿ ಅದರ ಮೊದಲ ಮಾನಕ ಹೊರಬಂತು. ಬ್ರೌಸರ್ ಮೊದಲು ಎಚ್‌ಟಿಎಂಎಲ್ ಓದಿ ಅಂಶಗಳ ವಂಶವೃಕ್ಷದಂಥ ರಚನೆಯೊಂದನ್ನು ತನ್ನ ಸ್ಮೃತಿಯಲ್ಲಿ ಕಟ್ಟಿಕೊಳ್ಳುತ್ತದೆ. ಪ್ರತಿ ಅಂಶಕ್ಕೂ ಸಿಎಸ್‌ಎಸ್ ನಿಯಮಗಳನ್ನು ಅನ್ವಯಿಸುತ್ತದೆ. ಯಾವುದು ಎಲ್ಲಿ, ಎಷ್ಟು ಅಗಲ ಎಂದು ಲೆಕ್ಕ ಹಾಕಿ ಕೊನೆಗೆ ಚಿತ್ರಿಸುತ್ತದೆ. ನಾವು ನೋಡುವುದು ಈ ಚಿತ್ರವನ್ನು, ಕಡತವನ್ನಲ್ಲ.

ಒಂದೇ ಪುಟ, ನಾಲ್ಕು ಪ್ರತಿಗಳು

ನೀವು ತಿದ್ದುತ್ತಿರುವ ಪುಟಕ್ಕೆ ಒಂದೇ ಸಮಯದಲ್ಲಿ ಹಲವು ಪ್ರತಿಗಳಿರುತ್ತವೆ. ಒಂದು, ಬರೆಯುವ ತಂತ್ರಾಂಶದ ಸ್ಮೃತಿಯಲ್ಲಿ. ಎರಡು, ಡಿಸ್ಕಿನಲ್ಲಿ ಉಳಿಸಿದ ಕಡತ. ಮೂರು, ಬ್ರೌಸರ್ ಚಿತ್ರಿಸಿ ತೋರಿಸುತ್ತಿರುವುದು. ಪುಟ ಅಂತರಜಾಲಕ್ಕೆ ಏರಿದ್ದರೆ ಸರ್ವರಿನಲ್ಲಿ ನಾಲ್ಕನೆಯದು. ಅದರ ಜೊತೆಗೆ, ಮತ್ತೆ ಮತ್ತೆ ತರಿಸುವ ಶ್ರಮ ತಪ್ಪಿಸಲು ಬ್ರೌಸರ್ ಎತ್ತಿಟ್ಟುಕೊಳ್ಳುವ ಕ್ಯಾಶ್ ಪ್ರತಿಯೂ ಇರಬಹುದು. ಕಂಟ್ರೋಲ್-ಎಸ್ ಒತ್ತಿದರೆ ಮೊದಲನೆಯದು ಎರಡನೆಯದಕ್ಕೆ ಹೋಗುತ್ತದೆ. ಎಫ್5 ಒತ್ತಿದರೆ ಎರಡನೆಯದು ಮೂರನೆಯದಾಗಿ ಕಾಣುತ್ತದೆ. ಬದಲಾವಣೆ ಕಾಣದಿದ್ದರೆ ಈ ಸರಪಳಿಯ ಒಂದು ಕೊಂಡಿ ತಪ್ಪಿದೆ ಎಂದರ್ಥ.

ಮಾಡಿ ನೋಡಿ

ಅಭ್ಯಾಸಕ್ಕೆ ನಮ್ಮ ಸುತ್ತಲಿನದೇ ಒಂದು ವಿಷಯ ತೆಗೆದುಕೊಳ್ಳೋಣ. 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೇರ್ಪಟ್ಟು ರಾಮನಗರ ಜಿಲ್ಲೆಯಾಯಿತು. ಮುಂದೆ ಹಾರೋಹಳ್ಳಿಯೂ ತಾಲ್ಲೂಕಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ವಿದ್ಯಾರ್ಥಿಗಳು ಮೊದಲು 2007ರ ಸ್ಥಿತಿಯ ಪುಟವನ್ನು ರಚಿಸಲಿ: ಒಂದು ಶೀರ್ಷಿಕೆ, ಕೆಳಗೆ ನಾಲ್ಕು ಸಾಲಿನ ಕೋಷ್ಟಕ. ರಾಮನಗರದ ಎದುರು ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣಕ್ಕೆ ಅರಗಿನ ಗೊಂಬೆ, ಕನಕಪುರಕ್ಕೆ ಮೇಕೆದಾಟು, ಮಾಗಡಿಗೆ ಸಾವನದುರ್ಗ. ಆಮೇಲೆ ಅದನ್ನು ಇಂದಿನ ಸ್ಥಿತಿಗೆ ತರಲಿ. (ಟ್ಯಾಗ್‌ಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದೆ, ಕಡತದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ, ಕೋನಾವರಣದೊಳಗೆ ಬರೆಯಬೇಕು.)

'ಎಚ್1' ಟ್ಯಾಗಿನ ಒಳಗೆ ಜಿಲ್ಲೆಯ ಹೆಸರು ಬದಲಿಸಿ, ಉಳಿಸಿ, ಎಫ್5 ಒತ್ತಿ. ಪುಟದ ಶೀರ್ಷಿಕೆ ಬದಲಾಗುತ್ತದೆ. ಆದರೆ ಬ್ರೌಸರಿನ ಮೇಲ್ತುದಿಯ ಪಟ್ಟಿಯಲ್ಲಿ ಹಳೆಯ ಹೆಸರೇ ಇರುತ್ತದೆ! ಅದು 'ಟೈಟಲ್' ಟ್ಯಾಗಿನಿಂದ ಬರುವಂಥದು. ಒಂದೊಂದೇ ಬದಲಾವಣೆ ಮಾಡಿ ನೋಡಿದಾಗ ಮಾತ್ರ ಯಾವ ಸಾಲಿನಿಂದ ಯಾವ ಪರಿಣಾಮ ಎಂಬುದು ತಿಳಿಯುತ್ತದೆ. ಪ್ರಯೋಗಾಲಯದಲ್ಲಿ ಒಂದು ಚರವನ್ನು ಮಾತ್ರ ಬದಲಿಸಿ ಉಳಿದವನ್ನು ಸ್ಥಿರವಾಗಿಡುವ ನಿಯಮವೇ ಇಲ್ಲಿಯೂ.

ಹಳದಿ ಪರೀಕ್ಷೆ

ಬದಲಾವಣೆ ಕಾಣದಿದ್ದಾಗ ನಿಯಮವನ್ನು ಮತ್ತೆ ಮತ್ತೆ ತಿದ್ದಲು ಹೋಗಬೇಡಿ. ಮೊದಲು ಉಪಕರಣವನ್ನು ಪರೀಕ್ಷಿಸಿ. ಸಿಎಸ್‌ಎಸ್ ಕಡತದ ಮೊದಲ ಸಾಲಿನಲ್ಲಿ 'ಬಾಡಿ'ಯ ಹಿನ್ನೆಲೆಯನ್ನು ಹಳದಿ ಮಾಡಿ, ಉಳಿಸಿ, ಮತ್ತೆ ತೆರೆಯಿರಿ. ಪುಟ ಹಳದಿಯಾಗದಿದ್ದರೆ ಬಹುಮಟ್ಟಿಗೆ ನೀವು ನೋಡುತ್ತಿರುವುದು ಬೇರೆ ಪ್ರತಿ. ಆಗ ಈ ಕ್ರಮದಲ್ಲಿ ನೋಡಿ:

1. ಕಡತವನ್ನು ಉಳಿಸಿದ್ದೀರಾ?

2. ಬ್ರೌಸರಿನ ವಿಳಾಸಪಟ್ಟಿಯಲ್ಲಿರುವ ಫೋಲ್ಡರ್, ನೀವು ತಿದ್ದುತ್ತಿರುವ ಫೋಲ್ಡರೇ?

3. ಎಚ್‌ಟಿಎಂಎಲ್ ಕಡತ ಆ ಸಿಎಸ್‌ಎಸ್ ಕಡತವನ್ನೇ ಹೆಸರಿಸುತ್ತಿದೆಯೇ? ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ದೊಡ್ಡ-ಸಣ್ಣ ಅಕ್ಷರಗಳ ಭೇದವಿಲ್ಲ. ಲಿನಕ್ಸ್ ಸರ್ವರಿನಲ್ಲಿ ಇದೆ. ಮನೆಯಲ್ಲಿ ಸರಿಯಾಗಿದ್ದ ಪುಟ ಸರ್ವರಿಗೆ ಏರಿಸಿದ ಮೇಲೆ ಬಣ್ಣ ಕಳೆದುಕೊಳ್ಳಲು ಇದೊಂದು ಕಾರಣ.

4. ಪುಟ ಸರ್ವರಿನಿಂದ ಬರುತ್ತಿದ್ದರೆ ಕಂಟ್ರೋಲ್-ಎಫ್5 ಒತ್ತಿ ಕ್ಯಾಶ್ ಪ್ರತಿಯನ್ನು ಬಿಟ್ಟು ಹೊಸದನ್ನು ತರಿಸಿ.

ಪುಟ ಹಳದಿಯಾದರೆ ಸರಪಳಿ ಸರಿಯಾಗಿದೆ. ಆಗ ಮಾತ್ರ ನಿಮ್ಮ ನಿಯಮದಲ್ಲಿ ದೋಷ ಹುಡುಕಿ. ಅರ್ಧವಿರಾಮ ಅಥವಾ ಪುಷ್ಪಾವರಣ ಬಿಟ್ಟುಹೋಗಿರಬಹುದು. ಇನ್ನೊಂದು ಪ್ರಬಲ ನಿಯಮ ಇದನ್ನು ಮೀರುತ್ತಿರಬಹುದು.

ಜೀವಂತ ಮುನ್ನೋಟ

ಈಗಿನ ಬ್ರೌಸರ್‌ಗಳಲ್ಲಿ ಎಫ್12 ಒತ್ತಿದರೆ ಪರಿಶೀಲನಾ ಫಲಕ ತೆರೆಯುತ್ತದೆ. ಅಲ್ಲಿ ಬಣ್ಣವನ್ನೋ ಅಂತರವನ್ನೋ ಬದಲಿಸಿದರೆ ಪುಟ ತಕ್ಷಣ ಬದಲಾಗುತ್ತದೆ. ಆದರೆ ಎಚ್ಚರ! ಸಾಮಾನ್ಯವಾಗಿ ಅಲ್ಲಿ ಬದಲಾಗುವುದು ಮೂರನೆಯ ಪ್ರತಿ ಮಾತ್ರ. ಪುಟವನ್ನು ಮತ್ತೆ ತೆರೆದರೆ ಎಲ್ಲವೂ ಮಾಯ. ಸರಿಯೆನಿಸಿದ ಬೆಲೆಯನ್ನು ಕಡತಕ್ಕೆ ನೀವೇ ಬರೆಯಬೇಕು.

ಇನ್ನೊಂದು ವಿಧಾನದಲ್ಲಿ ನಿಮ್ಮ ಕಂಪ್ಯೂಟರಿನಲ್ಲೇ ಒಂದು ಪುಟ್ಟ ಸರ್ವರ್ ನಡೆಯುತ್ತದೆ. ಅದು ಫೋಲ್ಡರನ್ನು ಕಾಯುತ್ತಿದ್ದು, ಕಡತ ಬದಲಾದೊಡನೆ 'ಮತ್ತೆ ತೆರೆ' ಎಂದು ಬ್ರೌಸರಿಗೆ ಸಂದೇಶ ಕಳಿಸುತ್ತದೆ. ಎಫ್5 ಒತ್ತುವ ಕೆಲಸ ತಪ್ಪುತ್ತದೆ. ಲೇತಿನ ಮುಂದೆ ಕುಳಿತ ಅನುಭವಕ್ಕೆ ಹತ್ತಿರವಾಗುತ್ತದೆ. ಆದರೂ ಆರಂಭದಲ್ಲಿ ಉಳಿಸುವುದು, ತೆರೆಯುವುದು ಎರಡನ್ನೂ ಕೈಯಿಂದ ಮಾಡುವುದೇ ಮೇಲು. ಆಗ ಪ್ರತಿಗಳ ಕಲ್ಪನೆ ಗಟ್ಟಿಯಾಗುತ್ತದೆ.

ಕನ್ನಡ ಪುಟಕ್ಕೆ ಇನ್ನಷ್ಟು ಎಚ್ಚರ

ಹಿಂದೆ ವಿಶೇಷ ಫಾಂಟ್ ಬಳಸಿ ಬರೆದ ಕನ್ನಡ ಪುಟಗಳು ಬರೆದವರ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತಿದ್ದವು. ಆ ಫಾಂಟ್ ಇಲ್ಲದವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದ್ದವು. ಯೂನಿಕೋಡ್ ಇದನ್ನು ಬಗೆಹರಿಸಿದೆ. ಅದರಲ್ಲಿ 'ಕ' ಅಕ್ಷರದ ಸಂಖ್ಯೆ 3221. ಯುಟಿಎಫ್-8 ವಿಧಾನದಲ್ಲಿ ಅದು 224, 178, 149 ಎಂಬ ಮೂರು ಬೈಟ್‌ಗಳಾಗುತ್ತದೆ. ಬ್ರೌಸರ್ ಬೇರೆ ಸಂಕೇತವೆಂದು ತಪ್ಪು ತಿಳಿದರೆ ಒಂದು 'ಕ' ಬದಲು ಮೂರು ವಿಚಿತ್ರ ಚಿಹ್ನೆಗಳು ಕಾಣುತ್ತವೆ. ಪುಟದ ಮೊದಲ 1024 ಬೈಟ್‌ಗಳೊಳಗೆ 'ಮೆಟಾ' ಟ್ಯಾಗಿನಲ್ಲಿ ಯುಟಿಎಫ್-8 ಎಂದು ಘೋಷಿಸಿದರೆ ಸಾಕು, ಅಕ್ಷರಗಳು ಮರಳುತ್ತವೆ. ಆದರೆ ಉಳಿಸುವಾಗಲೇ ಯುಟಿಎಫ್-8 ಬದಲು ಹಳೆಯ ಆನ್ಸಿ ವಿಧಾನ ಆರಿಸಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡಬಹುದು. ಅದು ಮರಳಿ ಬಾರದು. ಮೊದಲನೆಯದು ನೋಟದ ದೋಷ, ಎರಡನೆಯದು ಕಡತದ ನಷ್ಟ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ.

'ಚನ್ನಪಟ್ಟಣ' ಎಂಬ ಪದದಲ್ಲಿ ಎರಡು ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದಷ್ಟೇ ಇಟ್ಟರೆ ಒತ್ತುಗಳು ಕೆಳಗಿನ ಸಾಲಿಗೆ ತಾಗಬಹುದು. ಅದನ್ನು 1.6ರಷ್ಟು ಇಟ್ಟು ನೋಡಿ. ಇಂಗ್ಲಿಷ್ ಪಠ್ಯ ಹಾಕಿ ಪರೀಕ್ಷಿಸಿದರೆ ಈ ತೊಂದರೆ ಗೊತ್ತಾಗುವುದೇ ಇಲ್ಲ. ಮುನ್ನೋಟಕ್ಕೂ ಕನ್ನಡ ಪಠ್ಯವನ್ನೇ ಬಳಸಬೇಕು.

ಕೊನೆಯದಾಗಿ, ಪುಟವನ್ನು ಮೊಬೈಲಿನಲ್ಲೂ ನೋಡಿ. ಪರದೆಯ ಅಗಲವನ್ನು ತಿಳಿಸುವ 'ವ್ಯೂಪೋರ್ಟ್' ಸಾಲು ಇಲ್ಲದಿದ್ದರೆ ಮೊಬೈಲ್ ಬ್ರೌಸರ್ ಸಾಮಾನ್ಯವಾಗಿ ಸುಮಾರು 980 ಬಿಂದುಗಳಷ್ಟು ಅಗಲದ ಪುಟವೆಂದು ಭಾವಿಸಿ ಅದನ್ನು ಕುಗ್ಗಿಸಿ ತೋರಿಸುತ್ತದೆ. ಫಾಂಟ್ ಕೂಡ ಬೇರೆಯಾಗಿರಬಹುದು. ನಿಮ್ಮ ಪರದೆಯ ಮೇಲಿನ ನೋಟ ಒಂದು ಅಳತೆ ಮಾತ್ರ. ಒಂದೇ ಅಳತೆಯಿಂದ ತೀರ್ಮಾನಕ್ಕೆ ಬರಬಾರದೆಂದು ನಾವು ಪ್ರಯೋಗಾಲಯದಲ್ಲಿ ದಿನವೂ ಹೇಳುತ್ತೇವಲ್ಲವೇ?

ಇಷ್ಟಕ್ಕೆಲ್ಲ ಒಂದು ಸಾಧಾರಣ ಕಂಪ್ಯೂಟರ್, ನೋಟ್‌ಪ್ಯಾಡ್ ಮತ್ತು ಬ್ರೌಸರ್ ಸಾಕು, ಅಂತರಜಾಲವೂ ಬೇಡ. ನಾಲ್ಕು ಸಾಲಿನ ಆ ಕೋಷ್ಟಕಕ್ಕೆ ಹಾರೋಹಳ್ಳಿಯ ಐದನೆಯ ಸಾಲನ್ನು ವಿದ್ಯಾರ್ಥಿಗಳೇ ಸೇರಿಸಲಿ. ಅದು ಕಾಣದಿದ್ದರೆ 'ಏನು ತಪ್ಪು ಬರೆದೆ?' ಎಂದು ಕೇಳುವ ಮೊದಲು 'ನಾನು ನೋಡುತ್ತಿರುವುದು ಯಾವ ಪ್ರತಿ?' ಎಂದು ಕೇಳುವ ಅಭ್ಯಾಸ ಅವರಿಗೆ ಬರಲಿ.